ಕರಿಯನ ಕಾಲಿನ ಕೆಸರು

ಆಗ ನನಗೆ ಐವತ್ತೆಂಟು. ಹನ್ನೆರಡು ವರ್ಷವಾಯಿತು. ನನ್ನ ನಾಯಿ ಕೆಂಚ ಎರಡು ಕುರಿಮರಿ ಕೊಂದಿತು. ನಾನು ಅದನ್ನು ಸಣ್ಣಮ್ಮನ ನಾಯಿ ಕರಿಯನ ತಲೆಗೆ ಕಟ್ಟಿದೆ. ಬಾಯಿ ತಪ್ಪಿ ಆಗಿದ್ದಲ್ಲ, ಗೊತ್ತಿದ್ದು ಮಾಡಿದ್ದು. ಸಣ್ಣಮ್ಮನಿಗೆ ಕಿವಿ ಕೇಳಿಸುವುದಿಲ್ಲ, ಆ ನಾಯಿಯೇ ಅವಳಿಗೆ ಕಿವಿ — ಅದೂ ನನಗೆ ಗೊತ್ತಿತ್ತು.

ಇಷ್ಟು ಹೇಳಿದ ಮೇಲೆ ಇನ್ನೇನು ಉಳಿಯಿತು ಅಂತ ಕೇಳಬಹುದು. ಹೇಗೆ ಮಾಡಿದೆ ಅನ್ನುವುದು ಉಳಿದಿದೆ. ಅದನ್ನು ಬಿಟ್ಟರೆ ಯಾರೋ ಬೇರೆಯವರು ಮಾಡಿದ ಹಾಗೆ ಕಾಣುತ್ತದೆ.

ನಾನು ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿ ಹೋಬಳಿಯ ಒಂದು ಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುತ್ತಿದ್ದೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳನ್ನು ಅರಕಲಗೂಡಿಗೆ ಕೊಟ್ಟಿದ್ದೆ, ಚೆನ್ನಾಗಿದ್ದಳು. ಬೇಸಿಗೆ ರಜೆ ಬಂದರೆ ಪಾತ್ರೆ ಬೋರಲು ಹಾಕುವುದು, ಕೂಲಿಗೆ ಹೋಗುವುದು — ನನಗೆ ರಜೆ ಅಂದರೆ ಅಷ್ಟೇ. ಆ ವರ್ಷ ಕೊನೇ ದಿನ ಮೇಷ್ಟ್ರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ರಜೆಗೆ ಎಲ್ಲಿಗೆ ಹೋಗುತ್ತೀರಿ ಅಂತ ಕೇಳುತ್ತಿದ್ದರು. ಎಲ್ಲರನ್ನೂ ಕೇಳಿ ಮುಗಿಸಿ, ಬಾಗಿಲ ಹತ್ತಿರ ಸೌಟು ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ, 'ಜಯಮ್ಮ, ನೀವೆಲ್ಲಿಗೆ?' ಅಂದರು. ತಮಾಷೆಗೆ ಕೇಳಿದ್ದು. ನಾನು ನಿಜಕ್ಕೇ ತಗೊಂಡೆ. 'ನಮ್ಮಕ್ಕನ ಊರಿಗೆ ಸಾ, ಹೇಮಾವತಿ ಹಿನ್ನೀರಿಗೆ' ಅಂದುಬಿಟ್ಟೆ. ಅಂದ ಮೇಲೆ ಹೋಗಬೇಕಲ್ಲ.

ಕೆಂಚನನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಸ್ಕೂಲಿನ ಅನ್ನ ತಿಂದು ಬೆಳೆದ ನಾಯಿ, ನನ್ನ ಕೈ ಬಿಟ್ಟರೆ ಬೇರೆಯವರ ಕೈಯಲ್ಲಿ ತಿನ್ನುತ್ತಿರಲಿಲ್ಲ. ತೆಂಗಿನಕಾಯಿ ತುಂಬಿಕೊಂಡು ಹೊರಟಿದ್ದ ಲಗೇಜ್ ಆಟೋದಲ್ಲಿ ನಾನೂ ಅದೂ ಕಾಯಿ ಮೇಲೆ ಕೂತು, ಶಾಂತಿಗ್ರಾಮ ದಾಟಿ ಹಾಸನ ಸೇರಿದೆವು. ಅಲ್ಲಿಂದ ಬಸ್ಸು. ಕಂಡಕ್ಟರು ಬಾಗಿಲಲ್ಲೇ ತಡೆದ.

'ಅಮ್ಮಾ, ನಾಯಿ ಅತ್ತಿಸಂಗಿಲ್ಲ ಕಣಮ್ಮ. ಯಾರ್ಗಾರ ಕಚ್ಚುದ್ರೆ?'

'ಕಚ್ಚೋ ಅಂಗಿದ್ರೆ ಮೊದ್ಲು ನನ್ನ ಕಚ್ಚಿರೋದು ಕಣಪ್ಪ. ಐದೊರ್ಸ ಆತು, ಅದ್ಕೆ ಬೈದ್ಬೈದು ನಂಗೇ ಬಾಯಿ ನೋಯ್ತದೆ, ಅದು ಮಾತ್ರ ಸುಮ್ಕದೆ.'

ಬಸ್ಸೆಲ್ಲ ನಕ್ಕಿತು. ಹತ್ತಿಸಿಕೊಂಡ. ಆ ನಗು ಯಾಕೆ ನೆನಪಿದೆ ಅಂದರೆ — ಆ ದಿನ ನನ್ನ ನಾಯಿ ಯಾರಿಗೂ ಏನೂ ಮಾಡುವುದಿಲ್ಲ ಅಂತ ನಾನೂ ನಂಬಿದ್ದೆ.

ಅಕ್ಕನ ಊರು ಶೆಟ್ಟಿಹಳ್ಳಿಯ ಹಾಳು ಇಗರ್ಜಿಯಿಂದ ಆಚೆ. ಬೇಸಿಗೆಯಲ್ಲಿ ಅಲ್ಲಿ ನೀರು ಹಿಂದೆ ಸರಿಯುತ್ತದೆ. ಸರಿದ ಕಡೆಯೆಲ್ಲ ಹಸಿರು ಹುಲ್ಲು, ನಡುವೆ ಅಲ್ಲಲ್ಲಿ ನಿಂತ ನೀರು, ಕೆಸರು. ಎಮ್ಮೆ, ಕುರಿ ಎಲ್ಲ ಅಲ್ಲೇ. ಕೊಕ್ಕರೆ, ನೀರುಕಾಗೆ, ಹೆಸರು ಗೊತ್ತಿಲ್ಲದ ಉದ್ದ ಕಾಲಿನ ಹಕ್ಕಿಗಳು. ಇಗರ್ಜಿ ನೋಡಲು ಬಂದವರು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ನಾನು ದಿನಾ ಬೆಳಿಗ್ಗೆ ಎದ್ದು ತಿರುಗುತ್ತಿದ್ದೆ. ಕೆಲಸವಿಲ್ಲದೆ ನಡೆಯುವುದು ಹೇಗೆ ಅಂತ ಮೊದಲೆರಡು ದಿನ ಗೊತ್ತಾಗಲಿಲ್ಲ. ದಾರಿಯಲ್ಲಿ ಸಗಣಿ ಕಂಡರೆ ಎತ್ತುತ್ತಿದ್ದೆ, ಒಣಗಿದ ಕಡ್ಡಿ ಕಂಡರೆ ಆರಿಸುತ್ತಿದ್ದೆ. ಅಕ್ಕ ಬೈದಳು. 'ನೆಂಟಸ್ತನಕ್ಕೆ ಬಂದಿದ್ದೀಯೋ, ಜೀತಕ್ಕೆ ಬಂದಿದ್ದೀಯೋ?' ಆಮೇಲೆ ಬಿಟ್ಟೆ.

ಕೆಸರಿನಲ್ಲಿ ನಡೆಯುವುದನ್ನು ಹೇಳಿಕೊಟ್ಟವಳು ಸಣ್ಣಮ್ಮ. ಅಕ್ಕನ ಪಕ್ಕದ ಮನೆ, ನನ್ನ ವಯಸ್ಸೇ. ಮಗಳನ್ನು ಹೊಳೆನರಸೀಪುರಕ್ಕೆ ಕೊಟ್ಟು ಒಬ್ಬಳೇ ಇದ್ದಳು. ನೀರು ಸರಿದ ಜಾಗದಲ್ಲಿ ಅವಳ ಗಂಡನ ಕಾಲದ ತುಂಡು ಹೊಲ ವರ್ಷಕ್ಕೆ ಮೂರು ತಿಂಗಳು ಮೇಲೆ ಬರುತ್ತಿತ್ತು. ಆ ಮೂರು ತಿಂಗಳಲ್ಲಿ ಅವಳು ಸೌತೆ ಬೆಳೆದು, ಇಗರ್ಜಿ ನೋಡಲು ಬಂದವರಿಗೆ ಮಾರುತ್ತಿದ್ದಳು. ಹೊಲದಲ್ಲೇ ಒಂದು ಗುಡ್ಲು, ಅದರಲ್ಲೇ ಮಲಗುವುದು. ಕಾಡುಹಂದಿ ಬಂದರೆ ಕರಿಯ ಬೊಗಳುತ್ತಿತ್ತು; ಅವಳಿಗೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಸೆರಗು ಹಿಡಿದು ಎಳೆಯುತ್ತಿತ್ತು. ಅದನ್ನು ಯಾರೂ ಕಲಿಸಿರಲಿಲ್ಲ. ಬೀದಿಯಲ್ಲಿ ಹಿಂದಿನಿಂದ ಬೈಕು ಬಂದರೂ ಅಷ್ಟೇ, ಅವಳ ಕಾಲಿಗೆ ಒರಗಿ ದಾರಿ ಬದಿಗೆ ತಳ್ಳುತ್ತಿತ್ತು. ಅವಳು ಮಾತಾಡುವಾಗ ಎದುರಿನವರ ಬಾಯಿ ನೋಡುತ್ತಿದ್ದಳು. ತುಟಿ ನೋಡಿಯೇ ಅರ್ಧ ಮಾತು ತಿಳಿದುಕೊಳ್ಳುತ್ತಿದ್ದಳು; ಕಿವಿಗೇ ಬಾಯಿಟ್ಟು ಕೂಗಿದರೆ ಮಾತ್ರ ಒಂದಿಷ್ಟು ಕೇಳಿಸುತ್ತಿತ್ತು.

'ಹುಲ್ಲು ಗಿಡ್ಡಕ್ಕಿದ್ರೆ ಕಾಲಿಡು ಜಯಕ್ಕ. ಮಿರಮಿರ ಮಿಂಚ್ತಾ ಇದ್ರೆ ಇಡಬ್ಯಾಡ, ತೊಡೆಗಂಟ ಓಯ್ತೀಯ. ನಂಗೂ ಕೇಳ್ಸಕಿಲ್ಲ, ನೀನು ಕೂಗ್ಕಂಡ್ರೂ ದಂಡ.' ಹೇಳಿ ತಾನೇ ನಗುತ್ತಿದ್ದಳು. 'ಕರಿಯನ್ನ ಮುಂದ್ಬುಡು. ಅದು ಓದ್ಕಡೆ ನೀನು ಓಗು.'

ಹಾಗೆ ನನ್ನ ತಿರುಗಾಟಕ್ಕೆ ಎರಡು ನಾಯಿಯಾದವು. ಮುಂದೆ ಕರಿಯ, ಹಿಂದೆ ಕೆಂಚ. ಹಗಲು ಹೊಲದಲ್ಲಿ ಕರಿಯನಿಗೆ ಕೆಲಸವಿಲ್ಲ, ಕರೆದುಕೊಂಡು ಹೋಗು ಅಂತ ಅವಳೇ ಹೇಳಿದ್ದಳು. ನಂಬಿ ಕಳಿಸುತ್ತಿದ್ದಳು.

ಕೆಸರಿನ ವಿಷಯ ಒಂದು ಹೇಳಬೇಕು. ಊರಿನ ಮಣ್ಣು ಕೆಂಪು. ನೀರು ಸರಿದ ಜಾಗದ ಕೆಸರು ಬೂದಿ ಬಣ್ಣ, ಒಣಗಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಕೆಳಗೆ ಇಳಿದು ಬಂದವರು ಯಾರು ಅಂತ ಕಾಲು ನೋಡಿದರೆ ಊರಿಗೇ ಗೊತ್ತಾಗುತ್ತದೆ. ಮನುಷ್ಯರು ತೊಳೆದುಕೊಳ್ಳುತ್ತಾರೆ. ನಾಯಿ ತೊಳೆದುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಕುರಿಹಟ್ಟಿ ಕೆಳಗೆ ಹುಲ್ಲಿನಲ್ಲಿ ಇರುತ್ತದೆ. ಸಣ್ಣಮ್ಮನ ಹೊಲದವರೆಗೆ ದಾರಿ ಒಣಗಿ ಗಟ್ಟಿಯಾಗಿತ್ತು; ಪಕ್ಕದ ಹಟ್ಟಿಗೆ ಹೋಗಬೇಕಾದರೆ ಮಾತ್ರ ನಡುವಿನ ಕೆಸರು ದಾಟಲೇಬೇಕು. ಮರಿಗೆ ನಾಯಿ ಬಿದ್ದರೆ ಆ ಊರಿನವರು ಮೊದಲು ಮಾಡುವುದು ಊರಿನ ನಾಯಿಗಳ ಕಾಲು ನೋಡುವುದು.

ನಾನು ಹೋಗಿ ಹದಿಮೂರು ದಿನವಾಗಿತ್ತು. ಆ ಬೆಳಿಗ್ಗೆ ಎರಡು ನಾಯಿಯನ್ನೂ ಕರೆದುಕೊಂಡು ದೂರದ ದಿಬ್ಬಕ್ಕೆ ಹೋದೆ. ಹಕ್ಕಿ ಮೊಟ್ಟೆ ಇಟ್ಟಿವೆ ಅಂತ ಸಣ್ಣಮ್ಮ ಹೇಳಿದ್ದಳು. ಮಂಡಿವರೆಗೆ ಕೆಸರು. ಮೊಟ್ಟೆ ನೋಡಿದೆ — ನೆಲದ ಮೇಲೇ ಇಟ್ಟಿದ್ದವು, ಕಲ್ಲಿನ ಹಾಗೆ, ಹತ್ತಿರ ಹೋದರೂ ಕಾಣದ ಹಾಗೆ. ಕೆಂಚ ಮೂಸಲು ಹೋಯಿತು, ಕರಿಯ ಅಡ್ಡ ನಿಂತಿತು. ಎಷ್ಟು ಹೊತ್ತು ಅಲ್ಲಿ ಕೂತಿದ್ದೆನೋ. ಐವತ್ತೆಂಟು ವರ್ಷದಲ್ಲಿ ಅಂಥ ಒಂದು ಬೆಳಿಗ್ಗೆ ನನಗೆ — ಇರಲಿ. ಬಿಸಿಲೇರಿದ ಮೇಲೆ ವಾಪಸ್ಸು ಬಂದೆ. ನನ್ನ ಕಾಲು ತೊಳೆದುಕೊಂಡೆ. ಕರಿಯ ಹೋಗಿ ಸಣ್ಣಮ್ಮನ ಜಗಲಿಯಲ್ಲಿ ಮಲಗಿತು. ನಾನು ಊಟ ಮಾಡಿ ಒರಗಿದೆ. ಕೆಂಚನನ್ನು ಕಟ್ಟಲಿಲ್ಲ.

ಎಚ್ಚರವಾದಾಗ ಕೆಂಚ ಹಿತ್ತಲಲ್ಲಿ ನಿಂತಿತ್ತು. ಹೊಟ್ಟೆವರೆಗೂ ಹೊಸ ಕೆಸರು. ಮೂತಿಯಲ್ಲಿ ರಕ್ತ. ಹಕ್ಕಿ ಹಿಡಿದಿರಬೇಕು ಅಂದುಕೊಂಡೆ ಅಂತ ಬರೆಯಬಹುದು. ಸುಳ್ಳು. ಬಾಯಿ ಬಿಡಿಸಿ ನೋಡಿದೆ, ಹಲ್ಲಿನ ಸಂದಿಯಲ್ಲಿ ಉಣ್ಣೆ ಇತ್ತು. ಅಕ್ಕ, ಬಾವ ಒಳಗೆ ಮಲಗಿದ್ದರು. ಕಲ್ಲುಬಾನಿಯ ನೀರು ಎತ್ತಿ ಎತ್ತಿ ಹಾಕಿದೆ. ಕಾಲು, ಹೊಟ್ಟೆ, ಬೆರಳ ಸಂದಿ — ಸ್ಕೂಲಿನ ಹಂಡೆ ಉಜ್ಜುವ ಹಾಗೆ ಉಜ್ಜಿದೆ. ಉಣ್ಣೆಯನ್ನು ಬೆರಳಲ್ಲಿ ಕಿತ್ತು ಒಲೆಗೆ ಹಾಕಿದೆ. ಬಿಸಿಲಲ್ಲಿ ಕಟ್ಟಿದೆ. ಒಂದು ಗಂಟೆಯಲ್ಲಿ ಒಣಗಿತು.

ಆಮೇಲೆ ಕುರಿ ಬೆಟ್ಟಯ್ಯ ಎರಡು ಮರಿ ಹೆಗಲ ಮೇಲೆ ಹಾಕಿಕೊಂಡು ಬಂದ. ಮಧ್ಯಾಹ್ನ ಊಟಕ್ಕೆ ಅಂತ ಹಟ್ಟಿ ಬಿಟ್ಟು ಬಂದಾಗ ಆಗಿದ್ದು. ಮರಿಗಳನ್ನು ಅರಳಿಕಟ್ಟೆ ಮೇಲೆ ಮಲಗಿಸಿ, ನಾಯಿಗಳನ್ನು ನೋಡುತ್ತ ಹೊರಟ. ಹಿಂದೆ ನಾಲ್ಕೈದು ಜನ. ಒಂದೊಂದೇ ನಾಯಿಯ ಕಾಲು ಎತ್ತಿ ನೋಡಿದರು. ಎಲ್ಲವೂ ಕೆಂಪು. ಅಕ್ಕನ ಮನೆಗೂ ಬಂದರು.

'ಇದು ನಮ್ಮ ನಾದಿನಿ ನಾಯಿ ಕಣ್ಲಾ ಬೆಟ್ಟಾ. ಕಟ್ಟಾಕದೆ ನೋಡು' ಅಂದ ಬಾವ. ಅವನಿಗೆ ಏನೂ ಗೊತ್ತಿರಲಿಲ್ಲ. ನೋಡಿದರು. ಶುದ್ಧವಾಗಿತ್ತು. ಮುಂದೆ ಹೋದರು.

ಕರಿಯ ಎದ್ದು ಬಾಲ ಆಡಿಸಿತು. ಕರಿ ನಾಯಿ. ನಾಲ್ಕು ಕಾಲೂ ಮಂಡಿವರೆಗೆ ಬೆಳ್ಳಗೆ.

ಸಣ್ಣಮ್ಮ ಒಳಗಿಂದ ಬಂದು ಎಲ್ಲರ ಬಾಯಿ ನೋಡಿದಳು. ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಸಿಟ್ಟಾಗಲಿಲ್ಲ, ನಕ್ಕಳು.

'ಅಯ್ಯೋ, ಮದ್ಯಾನದಿಂದ ಇಲ್ಲೇ ಮಲಗದೆ ಕಣಯ್ಯ. ಮರಿ ಮೂಸ್ದೇ ಇರೋ ನಾಯಿ.'

'ನೀನೂ ಮಲಗಿದ್ಯಲ್ಲ ಸಣ್ಣವ್ವ. ಅದು ಎದ್ದು ಓದದ್ದು ನಿಂಗೆ ಕೇಳಿಸ್ತದಾ?' ಅಂದ ಒಬ್ಬ. ಯಾರೋ ನಕ್ಕರು. ಅವಳಿಗೆ ನಗು ಕೇಳಿಸಲಿಲ್ಲ, ಕಂಡಿತು.

'ಬೆಳಗ್ಗೆ ಜಯಕ್ಕನ ಜೊತೆ ಕೆಳೀಕ್ ಓಗಿತ್ತು. ಆ ಕೆಸರು ಅದು. ಕೇಳ್ರಿ ಬೇಕಾರೆ. ಹೇಳು ಜಯಕ್ಕ.'

ಅಂದು ನನ್ನ ಬಾಯಿ ನೋಡುತ್ತ ನಿಂತಳು.

ಆಗ ಹೌದು ಅನ್ನಬೇಕಿತ್ತು. ಒಂದು ಮಾತು. ಆದರೆ ಹೌದು ಅಂದರೆ — ನಾನೂ ಎರಡು ನಾಯಿಯೂ ಕೆಸರಿಗೆ ಇಳಿದಿದ್ದೆವು ಅಂದರೆ, ಒಂದು ನಾಯಿ ಹೇಗೆ ಇಷ್ಟು ಶುದ್ಧವಾಗಿದೆ ಅಂತ ಕೇಳುತ್ತಿದ್ದರು. ಯಾಕೆ ತೊಳೆದೆ, ಯಾವಾಗ ತೊಳೆದೆ. ಅದೆಲ್ಲ ನನ್ನ ತಲೆಯಲ್ಲಿ ಓಡಿ ಮುಗಿಯಲು ಉಗುಳು ನುಂಗುವಷ್ಟು ಹೊತ್ತು ಸಾಕಾಯಿತು. ಅಷ್ಟು ಬೇಗ ಲೆಕ್ಕ ಹಾಕುವ ತಲೆ ನನಗಿದೆ ಅಂತ ನನಗೇ ಗೊತ್ತಿರಲಿಲ್ಲ.

'ಜೊತೇಲಿ ಬಂದಿತ್ತು ನಿಜ. ನಾನು ದಡದ ಮ್ಯಾಲೇ ಇದ್ದೆ. ಕೆಸರ್ಗೆ ನಾವು ಇಳೀನಿಲ್ಲ.'

ನಿಧಾನಕ್ಕೆ ಹೇಳಿದೆ, ಅವಳಿಗೆ ತುಟಿ ತಿಳಿಯಲಿ ಅಂತ. ಅದನ್ನು ಯೋಚಿಸಿದರೆ ಈಗಲೂ — ಅವಳಿಗೆ ಅರ್ಥವಾಗಲಿ ಅಂತ ಬಿಡಿಸಿ ಬಿಡಿಸಿ ಸುಳ್ಳು ಹೇಳಿದೆ. ನನ್ನ ಕಾಲುಗುರಿನ ಸಂದಿಯಲ್ಲಿ ಇನ್ನೂ ಬಿಳಿ ಗೆರೆ ಇತ್ತು. ನಾಯಿಗಳ ಕಾಲು ನೋಡಿದವರು ನನ್ನ ಕಾಲು ನೋಡಲಿಲ್ಲ.

ಅವಳು ನನ್ನ ಮುಖ ಬಿಟ್ಟು ಕರಿಯನ ಕಡೆ ತಿರುಗಿದಳು. ನನ್ನ ಮೇಲೆ ಅನುಮಾನ ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ನಾಯಿಯ ಮೇಲೇ ಬಂತು.

ಕೆಂಚ ಅಂದರೆ ಪ್ರಾಣ, ಅದಕ್ಕೇ ಹೀಗೆ ಮಾಡಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ. ಇನ್ನರ್ಧ ಇದಕ್ಕಿಂತ ಸಣ್ಣದು, ಹೇಳಲು ನಾಚಿಕೆ. ನನ್ನ ರಜೆ ಇನ್ನೂ ಹದಿನೈದು ದಿನ ಇತ್ತು. ನಿಜ ಹೇಳಿದರೆ ಅಕ್ಕನ ಮನೆಗೆ ಕೆಟ್ಟ ಹೆಸರು, ಅವತ್ತೇ ಗಂಟು ಕಟ್ಟಬೇಕು. ಆ ದಿಬ್ಬ, ಆ ಹಕ್ಕಿ, ಕೆಲಸವಿಲ್ಲದ ಬೆಳಿಗ್ಗೆ — ಅದನ್ನು ಬಿಡಲು ಮನಸ್ಸಾಗಲಿಲ್ಲ. ಹದಿನೈದು ದಿನಕ್ಕೆ ಒಬ್ಬಳ ಕಿವಿ ಕಿತ್ತೆ.

ಆ ಊರಿನಲ್ಲಿ ನಾಯಿ ಕೊಲ್ಲುವುದಿಲ್ಲ. ಮರಿಯ ರುಚಿ ಹತ್ತಿದ ನಾಯಿಯನ್ನು ಮೀನು ಹಿಡಿಯುವವರ ತೆಪ್ಪದಲ್ಲಿ ಆಚೆ ದಡಕ್ಕೆ ದಾಟಿಸಿ ಬಿಟ್ಟು ಬರುತ್ತಾರೆ. ಬೇಸಿಗೆಯಲ್ಲೂ ನಡುವೆ ದೊಡ್ಡ ನೀರು, ಈಜಿ ಬರುವ ಹಾಗಿಲ್ಲ. ಸಾಕಿದವರೇ ಎತ್ತಿ ಕೂರಿಸಬೇಕು, ಸಾಕಿದವರೇ ಅಲ್ಲಿ ಹಗ್ಗ ಬಿಚ್ಚಬೇಕು. ಬೇರೆಯವರು ಹಗ್ಗ ಮುಟ್ಟುವುದಿಲ್ಲ. ಬೆಟ್ಟಯ್ಯ ಕೆಟ್ಟವನಲ್ಲ. 'ಸಣ್ಣವ್ವ, ನನ್ನ ಬಾಳು ಈ ಮರಿ ಮ್ಯಾಲೇ ನಿಂತಿರೋದು. ನಂಗೂ ಇಷ್ಟ ಇಲ್ಲ' ಅಂತ ಅವಳ ಎದುರು ನಿಂತು ಎರಡು ಸಲ ಹೇಳಿದ. ಅವಳು ಆಯಿತು ಅಂದಳು. ಹೊತ್ತು ಮುಳುಗುವ ಮೊದಲೇ ಹೋದಳು. ಕರಿಯ ತೆಪ್ಪಕ್ಕೆ ತಾನೇ ಹಾರಿ ಕೂತಿತು, ತಿರುಗಾಟಕ್ಕೆ ಕರೆದುಕೊಂಡು ಹೋಗುತ್ತಾರೆ ಅಂತ. ಅವಳು ಎತ್ತುವ ಕೆಲಸವೇ ಬರಲಿಲ್ಲ. ನಾನು ದಡದ ಮೇಲೆ ಇದ್ದೆ. ಈ ಸಲ ನಿಜವಾಗಿ ದಡದ ಮೇಲೇ ಇದ್ದೆ.

ತೆಪ್ಪ ವಾಪಸ್ಸು ಬಂದ ಮೇಲೆ ಅವಳು ಮನೆಗೆ ಬಂದು ಜಗಲಿಯಲ್ಲಿ ಕೂತಳು. ಅಕ್ಕ ಹೋಗಿ ಮಾತಾಡಿಸು ಅಂದಳು. ಹೋಗಿ ಪಕ್ಕದಲ್ಲಿ ಕೂತೆ. ಆಚೆ ದಡದಿಂದ ಕರಿಯ ಬೊಗಳುತ್ತಿತ್ತು. ನೀರಿನ ಮೇಲೆ ಸದ್ದು ಬಹಳ ದೂರ ಬರುತ್ತದೆ. ಸ್ವಲ್ಪ ಹೊತ್ತು ಬೊಗಳುವುದು, ಸ್ವಲ್ಪ ಹೊತ್ತು ನಿಲ್ಲಿಸುವುದು, ಉತ್ತರ ಬರುತ್ತದೇನೋ ಅಂತ ಕಾಯುವ ಹಾಗೆ. ಊರಿಗೆಲ್ಲ ಕೇಳಿಸುತ್ತಿತ್ತು. ಎದುರು ಮನೆಯವರು ಎದ್ದು ಬಾಗಿಲು ಹಾಕಿಕೊಂಡರು. ಕೇಳಿಸದೇ ಇದ್ದದ್ದು ಅವಳೊಬ್ಬಳಿಗೆ.

ಅವಳು ಬಾಗಿಲು ಹಾಕಿದ್ದನ್ನು ನೋಡಿದಳು. ನನ್ನ ಕಡೆ ತಿರುಗಿದಳು.

'ಬೊಗಳ್ತಾ ಐತಾ ಜಯಕ್ಕ?'

'ಇಲ್ಲ.'

'ಸುಮ್ಕಾಯ್ತಾ?'

'ಸುಮ್ಕಾಯ್ತು ಕಣೆ. ಎಲ್ಲೋ ಊರೊಳೀಕ್ ಓಗಿರ್ತದೆ.'

'ಓಗ್ಲಿ ಬುಡು. ಯಾರಾರ ಅನ್ನ ಆಕ್ತಾರೆ' ಅಂದಳು. ಕರಿಯ ಇನ್ನೂ ಬೊಗಳುತ್ತಲೇ ಇತ್ತು.

ಮೊದಲ ಸುಳ್ಳು ನನ್ನನ್ನು ಉಳಿಸಿಕೊಳ್ಳಲು ಹೇಳಿದ್ದು. ಇದು ಅವಳಿಗೆ ನೋವಾಗದಿರಲಿ ಅಂತ ಹೇಳಿದ್ದು ಅಂತ ಯಾರಾದರೂ ಅನ್ನಬಹುದು. ಅಲ್ಲ. ಬೊಗಳುತ್ತಿದೆ ಅಂದಿದ್ದರೆ ಅವಳು ಎದ್ದು ತೆಪ್ಪದವನ ಹತ್ತಿರ ಓಡುತ್ತಿದ್ದಳು, ಕರೆದುಕೊಂಡು ಬಂದುಬಿಡುತ್ತಿದ್ದಳು — ಮತ್ತೆ ಮಾತು ಎದ್ದರೆ ಅನ್ನುವ ಹೆದರಿಕೆ.

ಕರಿಯ ಏನಾಯಿತು ಅಂತ ಗೊತ್ತಿಲ್ಲ. ಮೂರು ದಿನ ನೀರಂಚಿನಲ್ಲಿ ಕಂಡಿತ್ತಂತೆ, ಆಮೇಲೆ ಇಲ್ಲವಂತೆ. ಸಣ್ಣಮ್ಮನ ಹೊಲವನ್ನು ಆ ತಿಂಗಳೇ ಹಂದಿ ತೆಗೆದವು. ಅವಳು ಗುಡ್ಲಿನಲ್ಲಿ ಮಲಗಿದ್ದಳಂತೆ, ಬೆಳಿಗ್ಗೆ ಎದ್ದಾಗ ಗುಡ್ಲಿನ ಸುತ್ತಲೂ ಗೊರಸು, ಒಂದು ಬಳ್ಳಿಯಿಲ್ಲ. ಮುಂದಿನ ವರ್ಷ ಬಿತ್ತಲಿಲ್ಲ. ಈಗ ಹೊಳೆನರಸೀಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಬೀದಿಗೆ ಒಬ್ಬಳನ್ನೇ ಕಳಿಸುವುದಿಲ್ಲವಂತೆ, ಗಾಡಿ ಬಂದರೆ ಕೇಳಿಸುವುದಿಲ್ಲ ಅಂತ. ಇದನ್ನೆಲ್ಲ ಅಕ್ಕ ಹೇಳಿದ್ದು. ಅಕ್ಕನೂ ಈಗಿಲ್ಲ. ಕೆಂಚ ನನ್ನ ಹತ್ತಿರ ಇನ್ನೂ ನಾಲ್ಕು ವರ್ಷ ಬದುಕಿತು, ಚೆನ್ನಾಗಿ ತಿಂದು, ವಯಸ್ಸಾಗಿ ಸತ್ತಿತು. ಅದಕ್ಕೆ ಏನೂ ತಿಳಿಯದು. ಅದರ ಮೇಲೆ ನನಗೆ ಸಿಟ್ಟಿಲ್ಲ.

ಎರಡು ಸಲ ಹೊಳೆನರಸೀಪುರಕ್ಕೆ ಹೋಗಿದ್ದೆ. ಒಂದು ಸಲ ಬಸ್ ಸ್ಟಾಂಡಿನಿಂದಲೇ ತಿರುಗಿ ಬಂದೆ. ಇನ್ನೊಂದು ಸಲ ಮನೆವರೆಗೂ ಹೋದೆ. ಕಾಫಿ ಕೊಟ್ಟರು. ಅವಳಿಗೆ ಈಗ ಕಣ್ಣೂ ಮಂಜು, ತುಟಿ ಕಾಣಿಸುವುದಿಲ್ಲ. ಏನು ಹೇಳಬೇಕಾದರೂ ಕಿವಿಯ ಹತ್ತಿರ ಕೂಗಬೇಕು. ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲ ಸುತ್ತ ಕೂತಿದ್ದರು. ಚೆನ್ನಾಗಿದ್ದೀಯಾ ಅಂತ ಕೂಗಿದೆ. ಚೆನ್ನಾಗಿದ್ದೀನಿ ಅಂದಳು. ಎದ್ದು ಬಂದೆ. ಅದಕ್ಕೇ ಇದನ್ನು ಬರೆದಿದ್ದೇನೆ. ಅವಳ ಮಗಳ ಕೈಗೇ ಕೊಡುತ್ತೇನೆ, ಓದಿ ಕೂಗಿ ಹೇಳಲಿ. ಬೀದಿಗೆ ಕೇಳಿಸಿದರೆ ಕೇಳಿಸಲಿ. ನಾನು ಎದುರಿಗೇ ಕೂತಿರುತ್ತೇನೆ.

ಇನ್ನೊಂದು ಉಳಿದಿದೆ. ಮಾರನೇ ಬೆಳಿಗ್ಗೆಯದು.

ನಾನು ಹಲ್ಲುಜ್ಜುತ್ತಿದ್ದೆ. ಸಣ್ಣಮ್ಮ ಮಡಿಲಲ್ಲಿ ನಾಲ್ಕು ಸೌತೆಕಾಯಿ ಹಾಕಿಕೊಂಡು ಬಂದಳು. ಕೆಂಚನ ಹತ್ತಿರ ಕೂತು ಅದರ ತಲೆ ಸವರಿದಳು.

'ಜಯಕ್ಕ, ನೀನಿನ್ನೂ ಹದ್ನೈದು ದಿನ ಇರ್ತೀಯಲ್ಲ. ಅಲ್ಲೀಗಂಟ ಇದನ್ನ ನನ್ ಜೊತೆ ಹೊಲಕ್ಕೆ ಕಳಿಸ್ತೀಯಾ? ಕಾಯಿ ಈಗ ಇಳೀತಾ ಅವೆ. ಕರಿಯನ್ ಜೊತೆ ತಿರುಗ್ದದ್ದಲ್ಲ, ಒಂಚೂರು ಕಲ್ತಿರ್ತದೆ.'

ಕಳಿಸುವ ಹಾಗಿರಲಿಲ್ಲ. ಹೊಲದ ಪಕ್ಕದಲ್ಲೇ ಕುರಿಹಟ್ಟಿ. ಕೆಂಚ ಇನ್ನೊಂದು ಮರಿ ಹಿಡಿದರೆ ಎಲ್ಲ ಬಯಲಾಗುತ್ತಿತ್ತು. ಬಾಯಿ ತೊಳೆದುಕೊಂಡೆ. ಅವಳು ನನ್ನ ತುಟಿ ನೋಡುತ್ತಿದ್ದಳು.

'ನಾನು ಇವತ್ತೇ ಊರಿಗೆ ಹೊಂಟೆ ಕಣೆ. ಸ್ಕೂಲ್ನೋರು ಬರಕ್ ಹೇಳವ್ರೆ' ಅಂದೆ.

ಅಕ್ಕ ಒಳಗಿಂದ ಇಣುಕಿದಳು, ಅವಳಿಗೂ ಅದೇ ಮೊದಲು ಗೊತ್ತಾದದ್ದು. ಅಂದ ಮೇಲೆ ಹೋಗಬೇಕಲ್ಲ. ಒಳಗೆ ಹೋಗಿ ಬಟ್ಟೆ ತುಂಬಿಕೊಂಡೆ. ಸಣ್ಣಮ್ಮ ಆ ನಾಲ್ಕು ಸೌತೆಕಾಯಿಯನ್ನೂ ನನ್ನ ಚೀಲದೊಳಗೆ ಹಾಕಿದಳು. ದಾರಿಗೆ ಆಗುತ್ತೆ ಅಂದಳು. ನಾಯಿಯ ಹಗ್ಗ ಹಿಡಿದು ಚೀಲವನ್ನೂ ಹೊರುವುದು ಕಷ್ಟ ಅಂತ ಅವಳೇ ಚೀಲ ತಲೆ ಮೇಲೆ ಇಟ್ಟುಕೊಂಡಳು. ಬಸ್ಸು ನಿಲ್ಲುವ ರಸ್ತೆ ಊರಿನಿಂದ ಒಂದು ಮೈಲಿ. ಹಿಂದಿನಿಂದ ಹಾಲಿನ ವ್ಯಾನು ಹಾರನ್ ಹೊಡೆದುಕೊಂಡು ಬಂತು. ಅವಳು ದಾರಿ ನಡುವೆಯೇ ನಡೆಯುತ್ತಿದ್ದಳು. ನಾನು ಅವಳ ರಟ್ಟೆ ಹಿಡಿದು ಬದಿಗೆ ಎಳೆದೆ. ಅವಳು ತಿರುಗಿ ನೋಡಿ ನಕ್ಕಳು. ರಸ್ತೆ ಬರುವವರೆಗೂ ಚೀಲ ಅವಳ ತಲೆಯ ಮೇಲೇ ಇತ್ತು. ಕೊಡು ಅಂತ ನಾನು ಒಂದು ಸಲವೂ ಕೇಳಲಿಲ್ಲ.